ಏಳು ತೋಟೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಒಂದು ಜೋಡಿ ನಳಿಗೆ ಕೋವಿ ಇತ್ತು. ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಅದೇನು ಹೊಸದಲ್ಲ. ಬೆಳೆ ಕಾಯುವುದಕ್ಕೆ ಅಂತ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿರುತ್ತಾರೆ. ಮಳೆಗಾಲ ಮುಗಿದ ಮೇಲೆ ಅಪ್ಪ ಅದನ್ನು ಜಗಲಿಗೆ ತಂದು, ಉದ್ದ ಕಡ್ಡಿಗೆ ಹಳೇ ಪಂಚೆಯ ಚೂರು ಸುತ್ತಿ, ಎಣ್ಣೆ ಹಾಕಿ ನಳಿಗೆಯ ಒಳಗೆಲ್ಲ ಉಜ್ಜುತ್ತಿದ್ದರು. ಕೋವಿಯ ನಡು ಮುರಿದರೆ ಎರಡು ತೂತು ಕಾಣುತ್ತಿತ್ತು. ಎರಡು ತೂತಿಗೆ ಎರಡು ತೋಟೆ. ಎರಡು ಈಡು ಹೊಡೆದರೆ ಮುಗಿಯಿತು. ಮತ್ತೆ ಮುರಿಯಬೇಕು, ಖಾಲಿ ತೋಟೆ ಕೀಳಬೇಕು, ಹೊಸದು ತುಂಬಬೇಕು. ಅಷ್ಟರಲ್ಲಿ ಹಂದಿ ಬೇಲಿ ದಾಟಿ ಹೋಗಿರುತ್ತಿತ್ತು.

ಆ ಕೋವಿಯ ಜೊತೆಗೆ ಒಂದು ಲೈಸೆನ್ಸ್ ಪುಸ್ತಕ. ಅದರಲ್ಲಿ ಕೋವಿಯ ನಂಬರು, ಎಂಥ ಕೋವಿ ಅನ್ನುವ ವಿವರ, ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದು ಅನ್ನುವ ಲೆಕ್ಕ. ಚುನಾವಣೆ ಬಂತೆಂದರೆ ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀದಿ ತರುತ್ತಿದ್ದರು. ಚಿಕ್ಕವನಿದ್ದಾಗ ನನಗೆ ಇದೆಲ್ಲ ಸುಮ್ನೆ ತಾಪತ್ರಯ ಅನ್ನಿಸುತ್ತಿತ್ತು. ನ್ಯೂಜಿಲೆಂಡಿನ ಕಥೆ ಓದಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಇವತ್ತು ಅದನ್ನೇ ನಿಮಗೆ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಸೆಮಿ ಆಟೊಮ್ಯಾಟಿಕ್ ರೈಫಲ್ ಅಂದರೆ ಏನು ಅಂತ ನೋಡೋಣ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ. ಆದರೆ ಆ ಗುಂಡು ಹಾರಿದ ಬಲದಿಂದಲೇ ಖಾಲಿ ತೋಟೆ ಹೊರಗೆ ಬಿದ್ದು, ಮುಂದಿನ ತೋಟೆ ತಾನಾಗಿ ಒಳಗೆ ಬಂದು ಕೂರುತ್ತದೆ. ಮತ್ತೆ ಎಳೆದರೆ ಮತ್ತೊಂದು ಗುಂಡು. ಮುರಿಯುವುದು, ಕೀಳುವುದು, ತುಂಬುವುದು ಏನೂ ಇಲ್ಲ. ಇದು ಎಷ್ಟು ಹೊತ್ತು ನಡೆಯುತ್ತದೆ? ಕೆಳಗೆ ಸಿಕ್ಕಿಸಿದ ಡಬ್ಬಿಯಲ್ಲಿ ತೋಟೆ ಇರುವ ತನಕ. ಆ ಡಬ್ಬಿಗೆ ಮ್ಯಾಗಜಿನ್ ಅನ್ನುತ್ತಾರೆ. ನನ್ನ ಮಾತೆಲ್ಲ ಈ ಡಬ್ಬಿಯ ಸುತ್ತಲೇ.

ನ್ಯೂಜಿಲೆಂಡ್ ಕುರಿ ಸಾಕುವವರ, ಬೇಟೆಯಾಡುವವರ ದೇಶ. ಮೊಲದ ಕಾಟ, ಕಾಡುಮೇಕೆಯ ಕಾಟ ಅಲ್ಲಿನ ರೈತರಿಗೂ ಇದೆ. 1983ರ ಅವರ ಶಸ್ತ್ರಾಸ್ತ್ರ ಕಾಯ್ದೆ ಲೈಸೆನ್ಸ್ ಕೊಡುತ್ತಿದ್ದದ್ದು ಮನುಷ್ಯನಿಗೆ. ಅವನು ನಂಬಿಕಸ್ಥನೋ ಅಲ್ಲವೋ ಅಂತ ಪೊಲೀಸರು ವಿಚಾರಿಸುತ್ತಿದ್ದರು. ಆಮೇಲೆ ಅವನ ಮನೆಯಲ್ಲಿ ಎಷ್ಟು ಸಾಮಾನ್ಯ ರೈಫಲ್ ಇದೆ ಅಂತ ಯಾವ ಪುಸ್ತಕದಲ್ಲೂ ಬರೆಯುತ್ತಿರಲಿಲ್ಲ.

1990ರಲ್ಲಿ ಅರಮೋನಾ ಎಂಬ ಸಣ್ಣ ಕಡಲೂರಿನಲ್ಲಿ ಒಬ್ಬ 13 ಜನರನ್ನು ಗುಂಡಿಟ್ಟು ಕೊಂದ. ಅದಾದ ಮೇಲೆ 1992ರಲ್ಲಿ ಕಾಯ್ದೆ ಬಿಗಿ ಮಾಡಿದರು. ಮಿಲಿಟರಿ ಮಾದರಿಯ ಸೆಮಿ ಆಟೊಮ್ಯಾಟಿಕ್ ಬಂದೂಕಿಗೆ ಬೇರೆ ವರ್ಗ, ಅದಕ್ಕೆ ವಿಶೇಷ ಅನುಮತಿ. ಗೆರೆ ಎಳೆದದ್ದು ಎಲ್ಲಿ? ಮುಖ್ಯವಾಗಿ ಡಬ್ಬಿಯಲ್ಲಿ. ಬೇಟೆಯ ದೊಡ್ಡ ತೋಟೆ ಹಾಕುವ ರೈಫಲ್ ಆದರೆ 7 ತೋಟೆಯ ಮ್ಯಾಗಜಿನ್ ತನಕ ಸಾಮಾನ್ಯ ಲೈಸೆನ್ಸ್ ಸಾಕು. ಅದಕ್ಕಿಂತ ದೊಡ್ಡದು ಸಿಕ್ಕಿಸಿದರೆ ಅದೇ ರೈಫಲ್ ಬೇರೆ ವರ್ಗಕ್ಕೆ ಸೇರುತ್ತದೆ. ಅನುಮತಿ ಇಲ್ಲದಿದ್ದರೆ ಅಪರಾಧ.

ಸರಿಯಾಗೇ ಇದೆಯಲ್ಲ ಅನ್ನಿಸುತ್ತದೆ, ಅಲ್ವಾ? ಒಂದೇ ಒಂದು ವಿಷಯ ಬಿಟ್ಟುಹೋಗಿತ್ತು. ದೊಡ್ಡ ಮ್ಯಾಗಜಿನ್ ಒಂದನ್ನೇ ಕೊಳ್ಳುವುದಕ್ಕೆ ಯಾವ ಲೈಸೆನ್ಸೂ ಬೇಕಿರಲಿಲ್ಲ.

2019ರ ಮಾರ್ಚ್ 15, ಶುಕ್ರವಾರ. ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಜನ ಮಧ್ಯಾಹ್ನದ ನಮಾಜಿಗೆ ಸೇರಿದ್ದರು. ಒಬ್ಬ ಬಂದೂಕು ಹಿಡಿದು ಒಳಗೆ ನುಗ್ಗಿದ. 51 ಜನ ಸತ್ತರು. ಸತ್ತವರಲ್ಲಿ ನಮ್ಮ ದೇಶದವರೂ ಇದ್ದರು. ಗುಜರಾತಿನಿಂದ, ಹೈದರಾಬಾದಿನಿಂದ, ಪಕ್ಕದ ಕೇರಳದಿಂದ ಹೋದವರು. ಕೊಂದವನ ಹೆಸರನ್ನು ತಾನು ಹೇಳುವುದಿಲ್ಲ ಅಂತ ಅಲ್ಲಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಸಂಸತ್ತಿನಲ್ಲೇ ಹೇಳಿದರು. ನಾನೂ ಹೇಳುವುದಿಲ್ಲ.

ಅವನ ಹತ್ತಿರ ಸಾಮಾನ್ಯ ಲೈಸೆನ್ಸ್ ಇತ್ತು. ರೈಫಲ್‌ಗಳನ್ನು ಕಾನೂನು ಪ್ರಕಾರವೇ ಕೊಂಡಿದ್ದ. ದೊಡ್ಡ ಮ್ಯಾಗಜಿನ್‌ಗಳನ್ನು ಬೇರೆಯಾಗಿ ಕೊಂಡಿದ್ದ, ಅದೂ ಕಾನೂನು ಪ್ರಕಾರವೇ. ಎರಡನ್ನೂ ಸೇರಿಸಿದ್ದು ಮಾತ್ರ ಅಪರಾಧ. ಆ ಅಪರಾಧ ನಡೆದದ್ದು ಒಂದು ಮನೆಯೊಳಗೆ. ಅದಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ, ಕುಲುಮೆ ಬೇಕಿಲ್ಲ. ಸಣ್ಣ ಡಬ್ಬಿ ತೆಗೆದು ದೊಡ್ಡ ಡಬ್ಬಿ ಸಿಕ್ಕಿಸಿದರಾಯಿತು. ಆ ಹೊತ್ತಿನಲ್ಲಿ ಅಲ್ಲಿ ಯಾವ ಪೊಲೀಸ್ ಇರುತ್ತಾನೆ? ಮಾರುವ ಕಡೆ ತಡೆಯದೆ, ಸಿಕ್ಕಿಸುವ ಕಡೆ ತಡೆಯುತ್ತೇನೆ ಅಂತ ಹೊರಟಿತ್ತು ಆ ಕಾನೂನು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಯಾಕೆಂದರೆ ಇದು ಮೊದಲೇ ಗೊತ್ತಿಲ್ಲದ್ದೇನಲ್ಲ. ಸರ್ ಥಾಮಸ್ ಥಾರ್ಪ್ ಎಂಬ ನಿವೃತ್ತ ನ್ಯಾಯಾಧೀಶರು 1997ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಮಿಲಿಟರಿ ಮಾದರಿಯ ಸೆಮಿ ಆಟೊಮ್ಯಾಟಿಕ್‌ಗಳನ್ನು ನಿಷೇಧಿಸಿ, ಪ್ರತಿ ಬಂದೂಕನ್ನೂ ನೋಂದಾಯಿಸಿ ಅಂತ ಅದರಲ್ಲಿತ್ತು. 22 ವರ್ಷ ಅದು ಕಪಾಟಿನಲ್ಲೇ ಉಳಿಯಿತು.

ದಾಳಿಯಾದ ಆರನೇ ದಿನ, ಮಾರ್ಚ್ 21ಕ್ಕೆ, ಸರ್ಕಾರ ನಿಷೇಧ ಘೋಷಿಸಿತು. ಏಪ್ರಿಲ್ 10ಕ್ಕೆ ಸಂಸತ್ತು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಪರವಾಗಿ 119 ಮತ, ವಿರುದ್ಧ 1. ಆ ಒಂದು ಮತ ಹಾಕಿದ ಡೇವಿಡ್ ಸೀಮೋರ್ ಅವರ ತಕರಾರು, ಇಷ್ಟು ಅವಸರದಲ್ಲಿ ಕಾನೂನು ಮಾಡಬಾರದು ಅಂತ. ಅವಸರದ ಬಗ್ಗೆ ಅವರು ಹೇಳಿದ್ದರಲ್ಲಿ ಹುರುಳಿಲ್ಲ ಅಂತ ನಾನು ಅನ್ನುವುದಿಲ್ಲ. ಆದರೆ 22 ವರ್ಷ ನಿಧಾನ ಮಾಡಿದವರಿಗೆ ಇನ್ನಷ್ಟು ನಿಧಾನ ಮಾಡಿ ಅಂತ ಹೇಳುವುದಾದರೂ ಹೇಗೆ?

ಹೊಸ ಕಾಯ್ದೆಯ ಹೆಸರಲ್ಲೇ ಬಂದೂಕು, ಮ್ಯಾಗಜಿನ್, ಬಿಡಿಭಾಗ ಮೂರೂ ಇವೆ. ಹೆಚ್ಚಿನ ಸೆಮಿ ಆಟೊಮ್ಯಾಟಿಕ್‌ಗಳು ನಿಷೇಧದ ಪಟ್ಟಿಗೆ ಸೇರಿದವು. ದೊಡ್ಡ ಮ್ಯಾಗಜಿನ್ ಒಂದೇ ಇಟ್ಟುಕೊಂಡರೂ ತಪ್ಪು. ಸಾಮಾನ್ಯ ಬಂದೂಕನ್ನು ನಿಷೇಧಿತ ಬಂದೂಕಾಗಿ ಬದಲಾಯಿಸುವ ಭಾಗವೂ ತಪ್ಪು. ರೈತರನ್ನು ಪೂರ್ತಿ ಕೈಬಿಡಲಿಲ್ಲ. ಮೊಲ ಹೊಡೆಯುವ, ಸಣ್ಣ ತೋಟೆ ಹಾಕುವ ಪಾಯಿಂಟ್ 22 ರೈಫಲ್, 10 ತೋಟೆಯ ತನಕ, ಹಾಗೇ ಉಳಿಯಿತು. ಕೈಯಲ್ಲೇ ಬೋಲ್ಟ್ ಎಳೆದು ತುಂಬುವ ಬೇಟೆ ರೈಫಲ್ಲೂ ಉಳಿಯಿತು.

ಜುಲೈಯಿಂದ ಡಿಸೆಂಬರ್ 20ರ ತನಕ ಸರ್ಕಾರ ದುಡ್ಡು ಕೊಟ್ಟು ಬಂದೂಕು ವಾಪಸ್ ತೆಗೆದುಕೊಂಡಿತು. ಶುರುವಾದದ್ದು ಕ್ರೈಸ್ಟ್‌ಚರ್ಚಿನಲ್ಲೇ, ಒಂದು ಕುದುರೆ ರೇಸಿನ ಮೈದಾನದಲ್ಲಿ. ಜನ ಕಾರಿನ ಡಿಕ್ಕಿಯಿಂದ ಬಂದೂಕು ತೆಗೆದು ಮೇಜಿನ ಮೇಲಿಟ್ಟರು. ಸ್ಥಿತಿ ನೋಡಿ ಬೆಲೆ ಕಟ್ಟಿ, ಯಂತ್ರಕ್ಕೆ ಕೊಟ್ಟು ಮುರಿದರು. 50,000ಕ್ಕೂ ಜಾಸ್ತಿ ಬಂದೂಕು ಬಂತು. ಬಿಡಿಭಾಗಗಳು ಅದರ ಮೂರು ಪಟ್ಟು. ಕೆಲವರು ಬಂದೂಕನ್ನು ಬಿಡಲಾರದೆ, ಪೊಲೀಸರು ಒಪ್ಪಿದ ಕೋವಿ ರಿಪೇರಿಯವರ ಹತ್ತಿರ ಒಯ್ದು ಅದನ್ನು ಕಾನೂನಿಗೆ ಒಗ್ಗುವಂತೆ ಮಾಡಿಸಿಕೊಂಡರು. ಬದಲಾಯಿಸುವ ಕೆಲಸ ಇಲ್ಲಿ ಒಳ್ಳೆಯ ದಿಕ್ಕಿಗೂ ತಿರುಗಿತು. ಅಜ್ಜನ ಕಾಲದ ಬಂದೂಕು ಅಂದರೆ ಮನೆಯವರಿಗೆ ಏನು ಅಂತ ನಮಗೂ ಗೊತ್ತಿದೆಯಲ್ಲ.

ಅಮೆರಿಕದಲ್ಲಿ ಇಂಥದ್ದೇ ಒಂದು ಸಣ್ಣ ವಸ್ತು ಕಾನೂನಿನ ಕೈ ತಪ್ಪಿಸಿಕೊಂಡಿತು. ಬಂಪ್ ಸ್ಟಾಕ್ ಅಂತ ಅದರ ಹೆಸರು. ರೈಫಲ್ಲಿನ ಹಿಂದಿನ ಹಿಡಿಯ ಜಾಗಕ್ಕೆ ಅದನ್ನು ಹಾಕಿದರೆ ಸೆಮಿ ಆಟೊಮ್ಯಾಟಿಕ್ ಹೆಚ್ಚುಕಡಿಮೆ ಮೆಷಿನ್ ಗನ್ನಿನ ವೇಗದಲ್ಲಿ ಹೊಡೆಯುತ್ತದೆ. 2017ರಲ್ಲಿ ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದ ಮೇಲೆ ಗುಂಡಿನ ಮಳೆ ಸುರಿಸಿದವನ ಹತ್ತಿರ ಅದಿತ್ತು. ಅಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಲಿಲ್ಲ. ಮೆಷಿನ್ ಗನ್ನಿನ ಹಳೇ ಕಾಯ್ದೆಯ ಕೆಳಗೇ ಇದೂ ಬರುತ್ತದೆ ಅಂತ ಇಲಾಖೆಯೊಂದು ನಿಯಮ ತಂದು ನಿಷೇಧಿಸಿತು. 2024ರ ಜೂನ್ 14ರಂದು ಸುಪ್ರೀಂ ಕೋರ್ಟ್ ಆ ನಿಯಮವನ್ನು 6-3ರಲ್ಲಿ ತಳ್ಳಿಹಾಕಿತು. ಟ್ರಿಗರ್ ಒಂದು ಸಲ ಕೆಲಸ ಮಾಡಿದರೆ ಒಂದೇ ಗುಂಡು ಹಾರುತ್ತದೆ, ಹಾಗಾಗಿ ಇದು ಮೆಷಿನ್ ಗನ್ ಅಲ್ಲ ಅಂತ. ಸತ್ತವರ ಮನೆಯವರಿಗೆ ಈ ವ್ಯತ್ಯಾಸವನ್ನು ಯಾರು ಹೇಗೆ ವಿವರಿಸಬೇಕೋ ನನಗೆ ತಿಳಿಯದು.

ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಬಂದೂಕು ಬದಲಾಯಿಸುವ ಇದೇ ವಿಷಯದ್ದು. ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡಬಾರದು, ಆಟಿಕೆಯಂಥ ನಕಲಿ ಬಂದೂಕನ್ನು ನಿಜದ್ದು ಮಾಡಬಾರದು. 2019ರ ತಿದ್ದುಪಡಿಯಲ್ಲಿ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಾಯಿಸುವುದನ್ನೂ ಸೇರಿಸಿದರು. ನಮ್ಮೂರಿನ ಕಮ್ಮಾರರೊಬ್ಬರು ಒಮ್ಮೆ ಅಪ್ಪನಿಗೆ, "ನಳಿಗೆ ಒಂದು ಗೇಣು ಕೊಯ್ದು ಕೊಡ್ತೀನಿ ಒಡೆಯಾ, ಹೊರೋಕೆ ಹಗುರ ಆಗುತ್ತೆ" ಅಂದಿದ್ದರು. ಅಪ್ಪ ಒಪ್ಪಲಿಲ್ಲ. "ಪುಸ್ತಕದಲ್ಲಿ ಬರೆದಿರೋದು ಈ ಕೋವಿ ಮಾರಾಯಾ" ಅಂದು ಅದನ್ನು ಮತ್ತೆ ಗೋಣಿಯಲ್ಲಿ ಸುತ್ತಿದರು.

ನ್ಯೂಜಿಲೆಂಡಿನಲ್ಲಿ ಅಂಥ ಪುಸ್ತಕ ತೆರೆದದ್ದು 2023ರ ಜೂನ್ 24ಕ್ಕೆ. ಐದು ವರ್ಷದೊಳಗೆ ಲೈಸೆನ್ಸ್ ಇರುವ ಪ್ರತಿಯೊಬ್ಬರೂ ತಮ್ಮ ಬಂದೂಕಿನ ವಿವರ ಬರೆಸಬೇಕು ಅಂತ ಆಗ ನಿಯಮ ಮಾಡಿದರು. ವಿಶೇಷ ಅನುಮತಿ ಪಡೆದು ನಿಷೇಧಿತ ಮ್ಯಾಗಜಿನ್ ಇಟ್ಟುಕೊಂಡವರು ಅದನ್ನೂ ಬರೆಸಬೇಕಿತ್ತು.

ನಮಸ್ಕಾರ.