ಎಣಿಸಿ ಕೊಟ್ಟ ದುಡ್ಡು, ಉಜ್ಜಿ ಕೊಟ್ಟ ದುಡ್ಡು

ಕೇಳುಗರಿಗೆಲ್ಲ ನಮಸ್ಕಾರ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಜಾಸ್ತಿ ಖರ್ಚಾಗುತ್ತದಾ, ನಗದು ಕೊಟ್ಟರೆ ಕಡಿಮೆಯಾ, ಇದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಉತ್ತರಕ್ಕೆ ಹತ್ತು ಸೆಕೆಂಡು ಸಾಕು. ಹೌದು, ಕಾರ್ಡಿನಲ್ಲಿ ಜಾಸ್ತಿ ಖರ್ಚಾಗುತ್ತದೆ. ಯಾಕೆ ಅಂದರೆ ಕೈ ಎಣಿಸುವುದಿಲ್ಲ. ಕೈ ಎಣಿಸದಿದ್ದರೆ ಮನಸ್ಸಿಗೆ ಚುರುಕ್ ಅನ್ನುವುದಿಲ್ಲ. ಉಳಿದ ಹೊತ್ತೆಲ್ಲ ಇದನ್ನೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂವತ್ತು ವರ್ಷ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಟ್ಟವನು, ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುವುದು ಅಭ್ಯಾಸ.

ಅಡಿಕೆ ಸುಲಿಯುತ್ತಾ ರೇಡಿಯೊ ಹಾಕಿಕೊಂಡು ಕೂತವರು ಒಂದಷ್ಟು ಜನ ಇರುತ್ತೀರಿ. ನಿಮಗೆ ಇದು ಗೊತ್ತು. ಮಂಡಿಯಲ್ಲಿ ಲೆಕ್ಕ ಮುಗಿದು ದುಡ್ಡು ಕೈಗೆ ಬಂದಾಗ ನಮ್ಮ ಅಪ್ಪ ಎರಡು ಸಲ ಎಣಿಸುತ್ತಿದ್ದರು. ಅದೇ ದುಡ್ಡನ್ನು ಅಂಗಡಿಯವನಿಗೆ ಕೊಡುವಾಗ ಮೂರು ಸಲ. ಆ ಮೂರನೇ ಸಲ ಎಣಿಸುವಾಗಲೇ ಎಷ್ಟೋ ಸಾಮಾನು 'ಮುಂದಿನ ವರ್ಷ ನೋಡೋಣ' ಅಂತ ವಾಪಸ್ ಹೋಗುತ್ತಿತ್ತು.

ಇದನ್ನೇ ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದಲ್ಲಿ ಡ್ರೇಜನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಅನ್ನುವ ಇಬ್ಬರು ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದರು. ಎಂಬಿಎ ಹುಡುಗರನ್ನು ಕೂರಿಸಿ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಹಾಕಿದರು. ನಮ್ಮ ಅಡಿಕೆ ಟೆಂಡರ್ ಇದೆಯಲ್ಲ, ಹಾಗೆ ಚೀಟಿಯಲ್ಲಿ ರೇಟು ಬರೆದು ಕೊಡುವುದು. ಅರ್ಧ ಜನಕ್ಕೆ ನಗದು ಕೊಡಬೇಕು ಅಂದರು, ಇನ್ನರ್ಧ ಜನಕ್ಕೆ ಕಾರ್ಡು ಅಂದರು. ಕಾರ್ಡಿನವರು ಬರೆದ ರೇಟು ಸರಾಸರಿ ಎರಡು ಪಟ್ಟು! ಟಿಕೆಟ್ ಅದೇ, ಪಂದ್ಯ ಅದೇ. ಲೆಕ್ಕಾಚಾರವನ್ನೇ ಓದಲು ಬಂದ ಹುಡುಗರ ಕಥೆ ಇದು.

ಅವರನ್ನು ನೋಡಿ ನಗುವ ಹಾಗಿಲ್ಲ. ನನ್ನ ಕಥೆ ಕೇಳಿ. ಕೆಲವು ವರ್ಷದ ಹಿಂದೆ ನಮ್ಮ ಮನೆ ಕುಕ್ಕರಿನ ಗ್ಯಾಸ್ಕೆಟ್ ಹೋಯಿತು. ತೊಂಬತ್ತು ರೂಪಾಯಿಯ ಸಾಮಾನು. ತರೋಣ ಅಂತ ಪೇಟೆಗೆ ಹೋದೆ. ಜೇಬಲ್ಲಿ ಹೊಸ ಕ್ರೆಡಿಟ್ ಕಾರ್ಡು ಇತ್ತು, ಬಂದು ಒಂದು ವಾರ ಆಗಿತ್ತು ಅಷ್ಟೆ. ಅಂಗಡಿಯ ಹುಡುಗ ಒಳ್ಳೆಯವನು, 'ಸರ್, ಗ್ಯಾಸೇ ಬೇಡ, ಇಂಡಕ್ಷನ್ ಒಲೆ ನೋಡಿ' ಅಂತ ಒಂದು ಲೋಟ ನೀರು ಇಟ್ಟು ಕಣ್ಣೆದುರೇ ಕುದಿಸಿ ತೋರಿಸಿದ. ಅದಕ್ಕೆ ನಮ್ಮ ಮನೆ ಅಲ್ಯೂಮಿನಿಯಂ ಪಾತ್ರೆ ಆಗುವುದಿಲ್ಲವಂತೆ, ತಳ ಬೇರೆ ಬೇಕಂತೆ, ಸರಿ ಪಾತ್ರೆಯ ಸೆಟ್ಟೂ ತೆಗೆದುಕೊಂಡೆ, ಸೆಟ್ಟಿಗೆ ಒಂದು ತವಾ ರಿಯಾಯಿತಿಯಲ್ಲಿ ಸಿಗುತ್ತಿತ್ತು, ಅದನ್ನು ಬಿಡುವುದು ಯಾಕೆ ಅಂತ ಅದೂ ಬಂತು. ಕಾರ್ಡು ಉಜ್ಜಿದ, ನಾಲ್ಕು ಅಂಕಿ ಒತ್ತಿದೆ, ಹುಡುಗನೇ ಎಲ್ಲವನ್ನೂ ಆಟೋಗೆ ಹೊತ್ತು ಹಾಕಿದ. ಮನೆಗೆ ಬಂದು ಇಳಿಸುವಾಗ ಜಗಲಿಯಲ್ಲಿ ಕೂತಿದ್ದ ಅಮ್ಮ ಕೇಳಿದರು, 'ಎಷ್ಟಾಯ್ತೋ?' ಬಾಯಿಗೆ ಲೆಕ್ಕ ಬರಲಿಲ್ಲ! ಐದೋ ಆರೋ ಸಾವಿರ ಅಂದೆ. ಚೀಟಿ ನೋಡಿದರೆ ಎಂಟು ಸಾವಿರದ ಇನ್ನೂರು. ಗ್ಯಾಸ್ಕೆಟ್ ತರುವುದು ಮರೆತೇ ಹೋಗಿತ್ತು.

ಆ ಒಲೆ ಏನಾಯಿತು? ಪುನರ್ವಸು ಮಳೆ ಹಿಡಿಯಿತು, ಕರೆಂಟು ಹೋಯಿತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಕರೆಂಟಿನ ಒಲೆ ತಂದವನು ನಾನು. ಈಗ ಅಟ್ಟದಲ್ಲಿದೆ, ಅದರ ಮೇಲೆ ಹಪ್ಪಳದ ಡಬ್ಬಿ ಇಟ್ಟಿದ್ದಾರೆ.

ಹದಿನಾರು ಐನೂರರ ನೋಟು, ಮೇಲೆ ಎರಡು ನೂರರ ನೋಟು. ಒಂದೊಂದಾಗಿ ಎಣಿಸಿ ಇಡಬೇಕಾಗಿದ್ದರೆ ಆರನೇ ನೋಟಿಗೇ ನನ್ನ ಕೈ ನಿಲ್ಲುತ್ತಿತ್ತು. ಹಿಂದೆ ಚೆಕ್ ಬರೆಯುವಾಗಲೂ ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆಯುತ್ತಿದ್ದೆವು, ಮೊತ್ತ ತಲೆಯಲ್ಲಿ ಕೂರುತ್ತಿತ್ತು. ಕಾರ್ಡಿನಲ್ಲಿ ಕೈಗೆ ಕೆಲಸವೇ ಇಲ್ಲ. ಕೈ ಎಣಿಸುವುದಿಲ್ಲ, ಅಷ್ಟೇ ವಿಷಯ.

'ಸರ್, ಪಾಯಿಂಟ್ಸ್ ಬರುತ್ತೆ' ಅನ್ನುವ ಹುಡುಗರಿಗೆ ಒಂದು ಮಾತು. ನೂರು ರೂಪಾಯಿಗೆ ಒಂದು ರೂಪಾಯಿ ವಾಪಸ್ ಬರುತ್ತದೆ ಅಂತ ಬೇಡದ ನೂರು ಖರ್ಚು ಮಾಡಿದರೆ ಹೋಗಿದ್ದು ತೊಂಬತ್ತೊಂಬತ್ತು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕಾ?

ಇನ್ನು ಬಡ್ಡಿ. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಅಂತ ಚಿಕ್ಕ ಮೊತ್ತ ಇರುತ್ತದೆ, ನಾನೂ ನಾಲ್ಕು ತಿಂಗಳು ಅದನ್ನೇ ಕಟ್ಟಿದೆ. ಕಟ್ಟದೆ ಉಳಿದ ಬಾಕಿಗೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ 42. ಊರಲ್ಲಿ ಯಾರಾದರೂ ಈ ರೇಟಿಗೆ ಸಾಲ ಕೊಟ್ಟರೆ ಮೀಟರ್ ಬಡ್ಡಿ ಅಂತ ಬೈಯುತ್ತೇವೆ ಅಲ್ವಾ? 20,000 ಬಾಕಿ ಇದ್ದರೆ ತಿಂಗಳ ಬಡ್ಡಿ 700, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 126. ನೀವು ಸಾವಿರ ಕಟ್ಟಿದರೆ ಸಾಲ ಇಳಿಯುವುದು 174 ರೂಪಾಯಿ. ಬಾಕಿ ಉಳಿಸಿಕೊಂಡವರಿಗೆ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಸ್ಟುಡಿಯೊ ಗಾಜಿನ ಆಚೆಯಿಂದ ಇನ್ನೆರಡೇ ನಿಮಿಷ ಅಂತ ಎರಡು ಬೆರಳು ತೋರಿಸುತ್ತಿದ್ದಾರೆ. ಇಎಂಐ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಒಲೆಯ ಕಥೆಯೇ ತಿಂದುಹಾಕಿತು.

ಯುಪಿಐ ಮಾತ್ರ ಹೇಳಿಬಿಡುತ್ತೇನೆ. 2016ರಲ್ಲಿ ಬಂತು, ಈಗ ಟೀ ಅಂಗಡಿಯಲ್ಲೂ ಸ್ಕ್ಯಾನ್. ಅಲ್ಲೂ ಕೈ ಎಣಿಸುವುದಿಲ್ಲ. ಆದರೆ ಖಾತೆಯಲ್ಲಿದ್ದದ್ದು ಆಗಲೇ ಹೋಗುತ್ತದೆ, ಖಾಲಿಯಾದರೆ ನಿಲ್ಲುತ್ತದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಬಹುದು, ಅಂದರೆ ಟೀ ಕೂಡ ಸಾಲದಲ್ಲಿ. ನಮ್ಮೂರ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ಇರುತ್ತಿತ್ತು. ಈಗ ಇಂದೇ ಉದ್ರಿ.

ಆಸ್ಪತ್ರೆಗೋ ರೈಲು ಟಿಕೆಟ್ಟಿಗೋ ಕಾರ್ಡು ಇರಲಿ, ಬಿಲ್ಲು ಬಂದಾಗ ಪೂರ್ತಿ ಕಟ್ಟಿ. ಪೇಟೆಗೆ ಹೋಗುವಾಗ ಮಾತ್ರ ನಗದು, ಎಣಿಸಿ, ಕವರಿನಲ್ಲಿ.

ನಾಳೆ ನಾನೇ ಗಾಂಧಿ ಬಜಾರಿಗೆ ಹೋಗಬೇಕು, ಗ್ಯಾಸ್ಕೆಟ್ ಮತ್ತೆ ಹೋಗಿದೆ. ಹೆಂಡತಿ ಕವರಿನಲ್ಲಿ ಇನ್ನೂರು ರೂಪಾಯಿ ಹಾಕಿ ಮೇಜಿನ ಮೇಲೆ ಇಟ್ಟಿದ್ದಾಳೆ. ಕಾರ್ಡು ಅವಳ ಹತ್ತಿರವೇ ಇದೆ. ನಮಸ್ಕಾರ.