ತೀರ್ಪು ಬೇಡ, ಸಾಕ್ಷಿ ಹೇಳಿ

ಎಲ್ಲರಿಗೂ ನಮಸ್ಕಾರ.

ಈಗ ಒಳಗೆ ಬರುವಾಗ ಬಾಗಿಲ ಹತ್ತಿರ ಇಬ್ಬರು ಮಾತಾಡುತ್ತಿದ್ದರು. "ಆ ಸಿನಿಮಾ ಹೇಗಿತ್ತು?" "ಅಯ್ಯೋ, ವೇಸ್ಟು. ಹೋಗ್ಲೇಬೇಡ." ಅಷ್ಟೇ, ಮಾತು ಮುಗಿಯಿತು. ಬೇರೆ ರೀತಿ ಶುರು ಮಾಡೋಣ ಅಂತ ಬರೆದುಕೊಂಡು ಬಂದಿದ್ದೆ. ಆದರೆ ಆ ಮಾತು ಕಿವಿಯಲ್ಲೇ ಉಳಿದುಬಿಟ್ಟಿದೆ.

ಅದು ತೀರ್ಪು. ನ್ಯಾಯಾಧೀಶರು ಕೊಡುವಂಥದ್ದು. ನಮಗೆ ಬೇಕಾಗಿರುವುದು ಸಾಕ್ಷಿ. "ರಾತ್ರಿ ಆಟಕ್ಕೆ ಹೋಗಿದ್ದೆ. ಪರದೆಯ ಹತ್ತಿರದ ಸಾಲು. ಇಂಟರ್ವಲ್ ತನಕ ಚೆನ್ನಾಗಿತ್ತು, ಆಮೇಲೆ ಅಣ್ಣ ಯಾಕೆ ಮನೆ ಬಿಟ್ಟ ಅಂತ ನನಗೆ ಗೊತ್ತಾಗಲೇ ಇಲ್ಲ." ಇಷ್ಟು ಹೇಳಿದರೆ ಸಾಕು, ಹೋಗಬೇಕೋ ಬೇಡವೋ ಅಂತ ಕೇಳಿದವರೇ ನಿರ್ಧಾರ ಮಾಡುತ್ತಾರೆ.

ನಾನಿದನ್ನು ಕಲಿತದ್ದು ಒಂದು ತಪ್ಪಿನಿಂದ. ಸ್ವಲ್ಪ ಉದ್ದದ ಕಥೆ, ಕೇಳಿ.

ಒಂದು ದಿನ ಆಫೀಸಿನಿಂದ ನೇರವಾಗಿ ಸಿನಿಮಾಕ್ಕೆ ಹೋದೆವು, ನಾನು ಮತ್ತು ನನ್ನ ಹೆಂಡತಿ. ಊಟ ಆಗಿರಲಿಲ್ಲ. ಮೊದಲರ್ಧ ಹೇಗೋ ಕಳೆಯಿತು. ಎರಡನೇ ಅರ್ಧದಲ್ಲಿ ನಾನು ಗಡಿಯಾರವನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಓಡಿ ಮನೆ ಹತ್ತಿರದ ಒಂದು ಹೋಟೆಲಿಗೆ ಹೋದೆವು. ಅಲ್ಲಿ ಆಗಲೇ ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದರು. ಆದರೂ ಕೂರಿಸಿದರು. ತಟ್ಟೆಗೆ ಬಂದದ್ದೆಲ್ಲ ತಣ್ಣಗಿತ್ತು.

ಮರುದಿನದಿಂದ ನನ್ನ ಪ್ರಚಾರ ಶುರು. ಸಿನಿಮಾ ಎಳೆದಿದ್ದಾರೆ, ಹೋಟೆಲ್ ಚೆನ್ನಾಗಿಲ್ಲ. ಸಿಕ್ಕಸಿಕ್ಕವರಿಗೆ ಹೇಳಿದೆ.

ಆರು ತಿಂಗಳಾದ ಮೇಲೆ ನಮ್ಮಕ್ಕನ ಮಗ ಬಂದ. "ಮಾಮ, ನಡಿ" ಅಂತ ಮಧ್ಯಾಹ್ನ ಅದೇ ಹೋಟೆಲಿಗೆ ಎಳೆದುಕೊಂಡು ಹೋದ. ಬಿಸಿಬಿಸಿ, ಹದವಾದ ಊಟ. ಬಡಿಸುವವರನ್ನು ಕೇಳಿದೆ. "ಸಾರ್, ರಾತ್ರಿ ಒಂಬತ್ತೂವರೆಗೆ ಒಲೆ ಆರಿಸಿಬಿಡ್ತೀವಿ. ಆಮೇಲೆ ಬಂದವರಿಗೆ ಇಲ್ಲ ಅನ್ನೋಕೆ ಮನಸ್ಸು ಬರಲ್ಲ, ಇದ್ದದ್ದು ಕೊಡ್ತೀವಿ" ಅಂದರು. ಹಸಿದು ಬಂದವರನ್ನು ವಾಪಸ್ ಕಳಿಸದ ಜನ ಅವರು. ಅದಕ್ಕೇ ನಾನು ಅವರಿಗೆ ಕೆಟ್ಟ ಹೆಸರು ತಂದಿದ್ದೆ.

ಆಮೇಲೆ ಆ ಸಿನಿಮಾವನ್ನೂ ಮನೆಯಲ್ಲಿ ಮತ್ತೆ ನೋಡಿದೆ, ಊಟ ಮಾಡಿಕೊಂಡು. ಎರಡನೇ ಅರ್ಧ ಎಳೆದಿರಲಿಲ್ಲ. ತಾಯಿ ಸುಮ್ನೆ ಕಿಟಕಿ ಹತ್ತಿರ ಕೂತಿರುವ ಒಂದು ದೃಶ್ಯವಿದೆ. ಮೊದಲ ಸಲ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಹಸಿವಿನಲ್ಲಿ ಸಿನಿಮಾ ನೋಡಿದ್ದೆ, ಹೊತ್ತು ಮೀರಿ ಹೋಟೆಲಿಗೆ ಹೋಗಿದ್ದೆ. ಎರಡನ್ನೂ ಯಾರಿಗೂ ಹೇಳಿರಲಿಲ್ಲ. ಒಬ್ಬ ಸಹೋದ್ಯೋಗಿ ಹೇಳಿದರು, "ನೀವು ಹೇಳಿದ್ರಲ್ಲ, ಅದಕ್ಕೆ ನಾವು ಆ ಕಡೆ ಹೋಗಲೇ ಇಲ್ಲ." ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಊಟಕ್ಕೂ ಆಟಕ್ಕೂ ನಂಟು ಹಳೆಯದು. ಭರತನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ರಸ ಅಂದರೆ ಏನು ಅಂತ ವಿವರಿಸುವಾಗ ಅಡುಗೆಯ ಉದಾಹರಣೆಯನ್ನೇ ಕೊಡುತ್ತಾರೆ. ಬೇರೆ ಬೇರೆ ಪದಾರ್ಥ ಸೇರಿ ರುಚಿ ಹುಟ್ಟುವ ಹಾಗೆ ಭಾವಗಳು ಸೇರಿ ರಸ ಹುಟ್ಟುತ್ತದೆ. ಅದನ್ನು ಸವಿಯುವವರಿಗೆ ಅಲ್ಲಿರುವ ಮಾತು 'ಸುಮನಸ', ಒಳ್ಳೆಯ ಮನಸ್ಸುಳ್ಳವರು. ಅಂದರೆ ರುಚಿಯ ಅರ್ಧ ತಟ್ಟೆಯಲ್ಲಿದೆ, ಇನ್ನರ್ಧ ಉಣ್ಣುವವರಲ್ಲಿದೆ. ಸಾಕ್ಷಿ ಹೇಳುವವರು ಆ ಇನ್ನರ್ಧವನ್ನೂ ಹೇಳಬೇಕು ಅಲ್ವಾ?

ಈಗ ಎಲ್ಲ ಕಡೆ ಅಂಕಿ. ಒಂದು ಉದಾಹರಣೆ ಕೊಡುತ್ತೇನೆ. ಸಿನಿಮಾ ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ಎಂಬ ವೆಬ್‌ಸೈಟ್‌ನಲ್ಲಿ ವಿಮರ್ಶಕರ ಶೇಕಡಾ ಅಂಕಿ ಬರುತ್ತದಲ್ಲ, ಅದು ಸಿನಿಮಾಕ್ಕೆ ಕೊಟ್ಟ ಮಾರ್ಕ್ಸ್ ಅಲ್ಲ. ಎಷ್ಟು ಜನ ಮೆಚ್ಚಿದರು ಅನ್ನುವ ಲೆಕ್ಕ ಮಾತ್ರ. ನೂರಕ್ಕೆ ನೂರು ವಿಮರ್ಶಕರೂ "ಪರವಾಗಿಲ್ಲ, ನೋಡಬಹುದು" ಅಂದರೂ 100 ಬರುತ್ತದೆ. ಅರ್ಧ ಜನ ಹುಚ್ಚು ಹಿಡಿದ ಹಾಗೆ ಪ್ರೀತಿಸಿ, ಅರ್ಧ ಜನ ಎದ್ದು ಹೋದರೆ 50. ನನಗೆ ನೋಡಬೇಕು ಅನ್ನಿಸುವುದು ಆ 50ರ ಸಿನಿಮಾ! ಅಂಕಿ ಒಂದು ತೀರ್ಪು, ಅದರಲ್ಲಿ ಸಾಕ್ಷಿ ಇಲ್ಲ.

ಹೋಟೆಲುಗಳ ವಿಷಯದಲ್ಲಿ ಇದು ಹೊಟ್ಟೆಪಾಡಿನ ಪ್ರಶ್ನೆ. ಹಾರ್ವರ್ಡ್‌ನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಬಗ್ಗೆ ಒಂದು ಅಧ್ಯಯನ ಹೊರತಂದರು. ಗಿರಾಕಿಗಳು ಹೋಟೆಲುಗಳಿಗೆ ನಕ್ಷತ್ರ ಕೊಡುವ ಯೆಲ್ಪ್ ಎಂಬ ವೆಬ್‌ಸೈಟ್‌ನಲ್ಲಿ ಒಂದು ನಕ್ಷತ್ರ ಜಾಸ್ತಿಯಾದರೆ ವ್ಯಾಪಾರ 5ರಿಂದ 9 ಶೇಕಡಾ ಏರುತ್ತದೆ ಅಂತ ಕಂಡುಬಂತು. ಆದರೆ ಅದು ಸ್ವಂತ ಹೋಟೆಲುಗಳ ಮಾತು. ಊರೂರಿನಲ್ಲಿ ಶಾಖೆ ಇರುವ ದೊಡ್ಡ ಕಂಪನಿಗಳಿಗೆ ಆ ಪರಿಣಾಮ ಕಾಣಲಿಲ್ಲ. ಯಾರ ಮೇಲೆ ನಮ್ಮ ಬೆರಳಿನ ಭಾರ ಬೀಳುತ್ತದೆ, ನೋಡಿ. ಒಲೆ ಮುಂದೆ ತಾನೇ ನಿಂತಿರುವವರ ಮೇಲೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಇನ್ನೂ ಮೂರು ವಿಷಯ ಇಟ್ಟುಕೊಂಡಿದ್ದೆ. ಒಂದನ್ನು ಮಾತ್ರ ಹೇಳುತ್ತೇನೆ. ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದು ಇದು: ಒಂದು ಅನುಭವದ ತೀವ್ರವಾದ ಗಳಿಗೆ ಮತ್ತು ಅದರ ಕೊನೆ, ಇವೆರಡೇ ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಕ್ಲೈಮ್ಯಾಕ್ಸ್ ಕೆಟ್ಟರೆ ಎರಡು ಗಂಟೆಯ ಕೆಲಸ ಮರೆತುಹೋಗುತ್ತದೆ. ಬಿಲ್ ತರಲು ತಡವಾದರೆ ಊಟದ ರುಚಿ ಮರೆತುಹೋಗುತ್ತದೆ. ಹಾಗಾಗಿ ಹೊರಗೆ ಬಂದ ತಕ್ಷಣ ಬರೆಯಬೇಡಿ. ಒಂದು ರಾತ್ರಿ ಕಳೆಯಲಿ, ನಡುವಿನ ಭಾಗವನ್ನು ನೆನಪು ಮಾಡಿಕೊಳ್ಳಿ.

ಉಳಿದದ್ದು ನಿಮ್ಮ ಸರದಿ. ಬಾಗಿಲ ಹತ್ತಿರ ಮಾತಾಡುತ್ತಿದ್ದವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಬೇಜಾರು ಮಾಡ್ಕೋಬೇಡಿ, ನಿಜವಾಗಲೂ ತಿಳಿಯುವ ಆಸೆ. ಆ ಸಿನಿಮಾಕ್ಕೆ ಎಷ್ಟು ಹೊತ್ತಿಗೆ ಹೋಗಿದ್ರಿ? ಎಲ್ಲಿ ಕೂತಿದ್ರಿ? ಊಟ ಆಗಿತ್ತಾ?