ಹರಕೆ ಹೊತ್ತ ಹಳ್ಳಿ

ಕೇಳುಗರಿಗೆ ನಮಸ್ಕಾರ. ಕಷ್ಟ ಕಳೆದರೆ ಯಕ್ಷಗಾನದ ಆಟ ಆಡಿಸುತ್ತೇವೆಂದು ಹರಕೆ ಹೊರುವ ರೂಢಿ ನಮ್ಮ ಕರಾವಳಿಗೆ ಹೊಸದಲ್ಲ. ಜರ್ಮನಿಯ ಬವೇರಿಯಾದಲ್ಲಿ, ಆಲ್ಪ್ಸ್ ಬೆಟ್ಟಗಳ ಮಗ್ಗುಲಲ್ಲಿರುವ ಒಬರಮ್ಮರ್ಗೌ ಎಂಬ ಹಳ್ಳಿ 1633ರಲ್ಲಿ ಹೊತ್ತ ಅಂಥದೊಂದು ಹರಕೆಯನ್ನು ಇಂದಿಗೂ ತೀರಿಸುತ್ತಲೇ ಇದೆ. ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದ ನಡುವೆ ಪ್ಲೇಗು ಊರಿಗೆ ಹೊಕ್ಕಾಗ, ಆ ಮಾರಿ ತೊಲಗಿದರೆ ಯೇಸುಕ್ರಿಸ್ತನ ಯಾತನೆ ಮತ್ತು ಮರಣದ ನಾಟಕವನ್ನು ಹತ್ತು ವರ್ಷಕ್ಕೊಮ್ಮೆ ಆಡುತ್ತೇವೆಂದು ಊರವರು ದೇವರಿಗೆ ಮಾತು ಕೊಟ್ಟರು. ಮರುವರ್ಷವೇ ಮೊದಲ ಆಟ ನಡೆಯಿತು. ರಂಗವನ್ನು ಕಟ್ಟಿದ್ದು ಪ್ಲೇಗಿಗೆ ಬಲಿಯಾದವರ ಗೋರಿಗಳ ಮೇಲೆ ಎಂದು ಪ್ರತೀತಿ.

ಸುಮಾರು ಐದು ಗಂಟೆಗಳ ಈ ನಾಟಕದಲ್ಲಿ ಪಾತ್ರ ವಹಿಸಲು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಇಪ್ಪತ್ತು ವರ್ಷ ನೆಲೆಸಿರಬೇಕು. ಮದುವೆಯಾದ ಹೆಂಗಸರಿಗೆ ಅವಕಾಶ ದೊರೆತದ್ದು ಮಾತ್ರ 1990ರಲ್ಲಿ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ.

1930ರ ಆಟವನ್ನು ನೋಡಿದ ರವೀಂದ್ರನಾಥ ಠಾಕೂರರು ಅದರ ಗುಂಗಿನಲ್ಲಿ ‘ದಿ ಚೈಲ್ಡ್’ ಎಂಬ ಕವಿತೆಯನ್ನು ನೇರವಾಗಿ ಇಂಗ್ಲಿಷಿನಲ್ಲೇ ಬರೆದರು. 1934ರ ಮುನ್ನೂರನೆಯ ವರ್ಷದ ಆಟವನ್ನು ನೋಡಿದ ಹಿಟ್ಲರನಿಗೆ ಕಂಡದ್ದು ಯೆಹೂದ್ಯರನ್ನು ದ್ವೇಷಿಸಲು ಒದಗುವ ಸರಕು. ಅವನು ತಪ್ಪಾಗಿ ನೋಡಿದನೆಂದು ಹೇಳಿ ಜಾರಿಕೊಳ್ಳುವಂತಿಲ್ಲ, ಏಕೆಂದರೆ ಆ ಸರಕು ಆಟದೊಳಗೇ ಇತ್ತು: ಈತನ ರಕ್ತದ ಹೊಣೆ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಕಾರಿ ಪಿಲಾತನ ಮುಂದೆ ಯೆಹೂದ್ಯರ ಜನಸಮೂಹ ಕೂಗುವ, ಬೈಬಲಿನ ಮತ್ತಾಯನ ಸುವಾರ್ತೆಯ ಮಾತು ರಂಗದ ಮೇಲೆ ಮತ್ತೆ ಮತ್ತೆ ಮೊಳಗುತ್ತಿತ್ತು. ನಿರ್ದೇಶಕ ಕ್ರಿಸ್ಟಿಯನ್ ಸ್ಟ್ಯೂಕ್ಲ್ ಅವರ ಕಾಲದಲ್ಲಿ, 2000ದ ಆಟದಿಂದ ಆ ಮಾತನ್ನು ಕೈಬಿಡಲಾಯಿತು. 2010ರಲ್ಲಿ ಯೇಸು ಮತ್ತು ಶಿಷ್ಯರು ಹೀಬ್ರೂ ಭಾಷೆಯ ಪ್ರಾರ್ಥನೆಯನ್ನು ಹಾಡಿದರು. ಪರಂಪರೆ ಕೆಟ್ಟಿತೆಂದು ಗೊಣಗಿದವರೂ ಊರಿನಲ್ಲಿದ್ದರು. ಆದರೆ ಹರಕೆ ಹೊತ್ತದ್ದು ಆಡುವುದಕ್ಕೆ. ನಾಟಕದ ಪಠ್ಯವನ್ನು ಆ ಊರು ಹಿಂದಿನಿಂದಲೂ ತಿದ್ದುತ್ತಲೇ ಬಂದಿತ್ತು, 1811ರಲ್ಲಂತೂ ಒತ್ಮಾರ್ ವೈಸ್ ಎಂಬ ಸನ್ಯಾಸಿ ಅದನ್ನು ಹೊಸದಾಗಿಯೇ ಬರೆದುಕೊಟ್ಟಿದ್ದನು.

ಆಟದ ಹಿಂದಿನ ವರ್ಷದ ಬೂದಿ ಬುಧವಾರದಿಂದ, ಅಂದರೆ ಈಸ್ಟರಿಗೆ ಮುಂಚಿನ ಕ್ರೈಸ್ತರ ಉಪವಾಸಕಾಲದ ಮೊದಲ ದಿನದಿಂದ, ಪಾತ್ರಧಾರಿ ಗಂಡಸರು ಕೂದಲು, ಗಡ್ಡ ಕತ್ತರಿಸುವಂತಿಲ್ಲ. ರೋಮನ್ ಸೈನಿಕರಿಗಷ್ಟೇ ವಿನಾಯಿತಿ. 2020ಕ್ಕೆಂದು ಹೀಗೆ ಬೆಳೆಸಿದ್ದ ಗಡ್ಡಗಳು ಕೋವಿಡ್ ಬಂದು ಆಟ ನಿಂತಾಗ ಕತ್ತರಿಗೆ ಸಿಕ್ಕವು. ಮಾರಿಯ ಹರಕೆಗೆ ಮಾರಿಯೇ ಅಡ್ಡ ಬಂದಿತ್ತು. 2021ರಲ್ಲಿ ಮತ್ತೆ ಬೆಳೆಸಿ, 2022ರ ಮೇ ತಿಂಗಳಿನಲ್ಲಿ ಅವರು ರಂಗವೇರಿದಾಗ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಪಾತ್ರವನ್ನು ಹಂಚಿಕೊಂಡ ಇಬ್ಬರಲ್ಲಿ ಒಬ್ಬನು ಅದೇ ಊರಿನ ಮುಸ್ಲಿಂ ತರುಣನಾಗಿದ್ದನು.